ಐಟಿಐ ಬಿಡುವ ಮೊದಲೇ ಮತದಾರರ ಪಟ್ಟಿಗೆ ಸೇರಲಿ

ಮಾನ್ಯ ಸಂಪಾದಕರೇ,

ಐಟಿಐ ವಿದ್ಯಾರ್ಥಿಗಳಿಗೆ ಮತದಾನದಲ್ಲಿ ಆಸಕ್ತಿಯಿಲ್ಲ ಎಂಬ ಮಾತನ್ನು ತರಬೇತಿ ಅಧಿಕಾರಿಗಳಾದ ನಾವು ಒಪ್ಪುವುದಿಲ್ಲ. ಅಪ್ರೆಂಟಿಸ್ ಸ್ಟೈಪೆಂಡ್, ಬಸ್ ಪಾಸ್, ಊರಿನ ನೀರು ಎಲ್ಲವೂ ವರ್ಕ್‌ಶಾಪಿನಲ್ಲಿ ಚರ್ಚೆಯಾಗುತ್ತವೆ. ಮತ ಹಾಕುವ ಮನಸ್ಸಿದೆ, ಪಟ್ಟಿಯಲ್ಲಿ ಹೆಸರಿಲ್ಲ.

ಎಸ್ಸೆಸ್ಸೆಲ್ಸಿ ಮುಗಿಸಿ ಫಿಟ್ಟರ್, ಎಲೆಕ್ಟ್ರಿಷಿಯನ್‌ನಂಥ ಎರಡು ವರ್ಷದ ಟ್ರೇಡಿಗೆ ಬರುವ ಬಹುತೇಕರಿಗೆ 18 ತುಂಬುವುದು ಕೋರ್ಸು ಮುಗಿಯುವ ಹೊತ್ತಿಗೆ. ಅಷ್ಟರಲ್ಲಿ ಅಪ್ರೆಂಟಿಸ್‌ಗೆಂದು ಪೀಣ್ಯಕ್ಕೋ ಹೊಸೂರಿಗೋ ಹೊರಟಿರುತ್ತಾರೆ. ಬಿಎಲ್‌ಒ (ಮತಗಟ್ಟೆ ಮಟ್ಟದ ಅಧಿಕಾರಿ) ಪರಿಶೀಲನೆಗೆ ಬಂದಾಗ ಹುಡುಗ ಮನೆಯಲ್ಲಿಲ್ಲ. ಹೊಸ ಊರಿನಲ್ಲಿ ನಾಲ್ವರು ಹಂಚಿಕೊಂಡ ಕೋಣೆಗೆ ಕರಾರುಪತ್ರವೂ ಇಲ್ಲ. ಹಾಗಾಗಿ ನೋಂದಣಿ ಐಟಿಐನಲ್ಲಿ ಇರುವಾಗಲೇ ಮುಗಿಯಬೇಕು. 17 ತುಂಬಿದವರು ಮುಂಗಡವಾಗಿ ನಮೂನೆ 6 (ಪಟ್ಟಿಗೆ ಹೊಸದಾಗಿ ಹೆಸರು ಸೇರಿಸುವ ಅರ್ಜಿ) ಸಲ್ಲಿಸಬಹುದು. ಮೊದಲಿನಂತೆ ಜನವರಿ 1ಕ್ಕೇ ಕಾಯಬೇಕಿಲ್ಲ; 2022ರಿಂದ ಏಪ್ರಿಲ್ 1, ಜುಲೈ 1, ಅಕ್ಟೋಬರ್ 1 ಸಹ 18 ತುಂಬಿದೆಯೇ ಎಂದು ಲೆಕ್ಕ ಹಾಕುವ ಅರ್ಹತಾ ದಿನಗಳು.

ಹಾಸ್ಟೆಲಿನಲ್ಲಿರುವವರು ಸ್ವಂತ ಊರು ಅಥವಾ ಓದುವ ಸ್ಥಳ, ಒಂದನ್ನು ಆರಿಸಿಕೊಳ್ಳಬಹುದು. ಓದುವ ಸ್ಥಳವಾದರೆ ಕೋರ್ಸು ಮಾನ್ಯತೆ ಪಡೆದಿರಬೇಕು, ಕನಿಷ್ಠ ಒಂದು ವರ್ಷದ್ದಿರಬೇಕು, ಪ್ರಾಚಾರ್ಯರ ಬೋನಫೈಡ್ ಪತ್ರ ಬೇಕು. ಒಂದು ವರ್ಷದ ವೆಲ್ಡರ್ ಟ್ರೇಡಿನವರೂ ಇದಕ್ಕೆ ಅರ್ಹರು. ಈ ಪತ್ರಕ್ಕಾಗಿ ಮಕ್ಕಳನ್ನು ಅಲೆದಾಡಿಸುವುದು ಸರಿಯಲ್ಲ.

ಅರ್ಜಿ ಕೆಡುವುದು ಸಣ್ಣ ಕಾರಣಗಳಿಗೆ. ಅಂಕಪಟ್ಟಿಯಲ್ಲಿ ಬರೀ ಇನಿಷಿಯಲ್, ಆಧಾರ್‌ನಲ್ಲಿ ತಂದೆಯ ಹೆಸರು, ಅಡ್ಡಹೆಸರು ಪೂರ್ತಿ ಇರುತ್ತದೆ. ಸೈಬರ್ ಸೆಂಟರಿನವರು ತಮ್ಮದೇ ಮೊಬೈಲ್ ನಂಬರ್ ಹಾಕಿದರೆ ಮುಂದಿನ ಮಾಹಿತಿ ಅರ್ಜಿದಾರರಿಗೆ ತಲುಪುವುದೇ ಇಲ್ಲ. ಸ್ವಂತ ನಂಬರ್ ಕೊಟ್ಟು, ಅರ್ಜಿಯ ರೆಫರೆನ್ಸ್ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಬೇಕು. ಮುಂದೆ ಊರು ಬದಲಿಸಿದರೆ ಮತ್ತೆ ನಮೂನೆ 6 ಬೇಡ, ವಿಳಾಸ ಬದಲಾವಣೆಯ ನಮೂನೆ 8 ಕೊಡಬೇಕು. ಎರಡು ಕಡೆ ಹೆಸರಿರುವುದು ಕಾನೂನಿಗೆ ವಿರುದ್ಧ. ಸುಳ್ಳು ಘೋಷಣೆಗೆ ಒಂದು ವರ್ಷದವರೆಗೆ ಜೈಲಾಗಬಹುದು.

ಚುನಾವಣೆ ಘೋಷಣೆಯಾದ ಮೇಲೆ ಓಡಾಡಿದರೆ ಕಷ್ಟ. ನಾಮಪತ್ರ ಸಲ್ಲಿಕೆಯ ಕೊನೆಯ ದಿನ ಕಳೆದರೆ ಆ ಚುನಾವಣೆಗೆ ಹೊಸ ಹೆಸರು ಸೇರುವುದಿಲ್ಲ. ಪದವಿ ಪಡೆದವರಿಗೆ ವಿಧಾನ ಪರಿಷತ್ತಿನ ಪದವೀಧರ ಕ್ಷೇತ್ರದಲ್ಲೂ ಮತವುಂಟು, ಐಟಿಐ ಓದಿದವರಿಗೆ ಅದಿಲ್ಲ. ಇರುವ ಮತವಾದರೂ ಕೈತಪ್ಪಬಾರದು.

ಎರಡನೇ ವರ್ಷ ಆರಂಭವಾದ ಕೂಡಲೇ ಪ್ರತಿ ಟ್ರೇಡಿಗೆ ಅರ್ಧ ದಿನ ಮೀಸಲಿಟ್ಟು, ಬಿಎಲ್‌ಒ ಅವರನ್ನು ಸಂಸ್ಥೆಗೇ ಕರೆಸಿ ಅರ್ಜಿ ತುಂಬಿಸುವಂತೆ ಇಲಾಖೆ ಸುತ್ತೋಲೆ ಹೊರಡಿಸಲಿ. ಒಂದು ವರ್ಷದ ಟ್ರೇಡಿನವರಿಗೆ ದಾಖಲಾತಿಯ ತಿಂಗಳಲ್ಲೇ ಆಗಲಿ.

– ಐಟಿಐ ತರಬೇತಿ ಅಧಿಕಾರಿಗಳು, ಹಾವೇರಿ ಜಿಲ್ಲೆ