ಮನೆಯವರಿಗೆ ತಿಳಿಯುವ ಮುಂಚೆ

ಮಾನ್ಯ ಸಂಪಾದಕರೇ,

ನಾನು 29 ವರ್ಷ ತಂತಿ ಹಂಚಿದವನು. ಈಗಿನವರಿಗೆ ತಂತಿ ಅಂದರೆ ಬೇಲಿ ನೆನಪಾಗಬಹುದು. ನಾನು ಹೇಳುತ್ತಿರುವುದು ಟೆಲಿಗ್ರಾಂ. 2013ರ ಜುಲೈನಲ್ಲಿ ಆ ಸೇವೆಯೇ ನಿಂತಿತು, ಅದಕ್ಕೂ ಮೊದಲೇ ನಾನು ನಿವೃತ್ತನಾಗಿದ್ದೆ. ಕೆಟ್ಟ ಸುದ್ದಿ ಮನೆ ಬಾಗಿಲಿಗೆ ಹೇಗೆ ಬರುತ್ತದೆ ಅನ್ನುವುದು ನನಗೆ ಬೇರೆಯವರಿಗಿಂತ ಸ್ವಲ್ಪ ಜಾಸ್ತಿ ಗೊತ್ತು ಅಂದುಕೊಂಡಿದ್ದೆ.

ಕಳೆದ ಮಂಗಳವಾರ ಬೆಳಿಗ್ಗೆ ರೈಲಿನಲ್ಲಿ ನನ್ನ ಪಕ್ಕ ಒಬ್ಬ ಹುಡುಗ ಕೂತಿದ್ದ. ಇಪ್ಪತ್ತೈದರ ಆಸುಪಾಸು ಇರಬೇಕು. ವಯಸ್ಸಾದವರು ಅಂತ ಕಿಟಕಿ ಸೀಟು ನನಗೇ ಬಿಟ್ಟಿದ್ದ. ಫೋನ್ ನೋಡುತ್ತಿದ್ದವನು ಇದ್ದಕ್ಕಿದ್ದಂತೆ ಅದನ್ನು ನನ್ನ ಕಡೆ ತಿರುಗಿಸಿದ. "ಅಂಕಲ್, ಇದು ನಮ್ಮಣ್ಣನ ಫೋಟೋ. ಇದನ್ನ ಯಾಕೆ ಹಾಕಿದ್ದಾರೆ?" ಎಂದ.

ಕನ್ನಡಕ ಹಾಕಿಕೊಂಡು ನೋಡಿದೆ. ನಿಮ್ಮ ಪತ್ರಿಕೆಯ ಜಾಲತಾಣದ ಸುದ್ದಿ. ಲಾರಿ, ಬೈಕು, ಸ್ಥಳದಲ್ಲೇ ಸಾವು. ಮೇಲೆ ನಗುತ್ತಿರುವ ಒಬ್ಬನ ಫೋಟೋ, ಕೆಳಗೆ ಹೆಸರು. ಅದನ್ನು ಯಾರೋ ಅವರ ಶಾಲೆಯ ಗೆಳೆಯರ ವಾಟ್ಸಾಪ್ ಗುಂಪಿಗೆ ಕಳಿಸಿದ್ದರು. ಅಷ್ಟು ಹೊತ್ತಿಗಾಗಲೇ ಹದಿನಾಲ್ಕು ಜನ ಕೈಮುಗಿದಿದ್ದರು. ಸತ್ತವನ ತಮ್ಮನೂ ಅದೇ ಗುಂಪಿನಲ್ಲಿದ್ದಾನೆ ಅಂತ ಒಬ್ಬರಿಗೂ ಹೊಳೆದಿರಲಿಲ್ಲ.

ಹುಡುಗನಿಗೆ ಅರ್ಥವಾಗಿರಲಿಲ್ಲ ಅಂತಲ್ಲ. ಓದಿದ್ದ. ಆದರೂ ನನ್ನ ಬಾಯಿಂದ ಬೇರೆ ಏನಾದರೂ ಬಂದೀತು ಅಂತ ಮುಖ ನೋಡುತ್ತಿದ್ದ. ಆ ನೋಟ ನನಗೆ ಹೊಸದಲ್ಲ. ಲಕೋಟೆ ಕೈಗೆ ಕೊಟ್ಟ ಮೇಲೆ, ರಸೀದಿಗೆ ಸಹಿ ಹಾಕುವ ಮೊದಲು ಜನ ಹಾಗೇ ನೋಡುತ್ತಿದ್ದರು. ಒಳಗೇನಿದೆ ಅಂತ ಇವನಿಗೆ ಗೊತ್ತಿರುತ್ತೆ ಅನ್ನುವ ಹಾಗೆ. ಎಷ್ಟೋ ಸಲ ಗೊತ್ತೂ ಇರುತ್ತಿತ್ತು.

ಅವನು ಅಳಲಿಲ್ಲ. ಶೂ ಲೇಸು ಬಿಚ್ಚಿದ, ಮತ್ತೆ ಕಟ್ಟಿದ. ಎದ್ದು ನಿಂತ, ಕೂತ. ಚಾರ್ಜ್ ಹನ್ನೊಂದು ಪರ್ಸೆಂಟ್ ಇದೆ ಅಂತ ಎರಡು ಸಲ ಹೇಳಿದ. ಆಮೇಲೆ ಹೇಳಿದ ಮಾತೇ ನನ್ನನ್ನು ಈ ಪತ್ರ ಬರೆಯುವ ಹಾಗೆ ಮಾಡಿದ್ದು. "ಅಮ್ಮಂಗೆ ಗೊತ್ತೋ ಇಲ್ವೋ ಗೊತ್ತಿಲ್ಲ ಅಂಕಲ್. ಮನೇಲಿ ಒಬ್ಬಳೇ ಇರ್ತಾಳೆ. ಫೋನ್ ಮಾಡಿದ್ರೆ ನಾನೇ ಹೇಳ್ಬೇಕಾಗುತ್ತೆ. ಮಾಡದಿದ್ರೆ ಅವಳೂ ಹೀಗೇ ನೋಡ್ತಾಳೆ."

ಇಲ್ಲಿ ನನ್ನ ಹಳೆಯ ತಪ್ಪೊಂದನ್ನು ಹೇಳಲೇಬೇಕು. 1984 ಇರಬೇಕು, ಕೆಲಸಕ್ಕೆ ಸೇರಿ ಐದಾರು ವರ್ಷವಾಗಿತ್ತು. ಒಬ್ಬ ಅಜ್ಜಿಗೆ ತಂತಿ ಕೊಟ್ಟೆ. ಅವರಿಗೆ ಓದಲು ಬರುತ್ತಿರಲಿಲ್ಲ. "ನೀನೇ ಓದಿ ಹೇಳಪ್ಪ" ಅಂದರು. ಮಗ ತೀರಿಕೊಂಡ ಸುದ್ದಿ ಅದು. ನನಗೆ ಬಾಯಿ ಬರಲಿಲ್ಲ. "ಮಗನಿಗೆ ಹುಷಾರಿಲ್ವಂತೆ, ಬೇಗ ಹೊರಡಬೇಕಂತೆ" ಅಂದುಬಿಟ್ಟೆ. ಅಜ್ಜಿ ತಕ್ಷಣ ಒಳಗೆ ಹೋಗಿ ಒಂದು ಉಣ್ಣೆ ಶಾಲು ಹುಡುಕತೊಡಗಿದರು. ಮಗನಿಗೆ ಚಳಿ ತಡೆಯುವುದಿಲ್ಲವಂತೆ. ನಾನು ಸೈಕಲ್ ಹತ್ತಿ ಬಂದುಬಿಟ್ಟೆ. ಅವರು ಆ ಶಾಲು ಹಿಡಿದುಕೊಂಡೇ ಅಲ್ಲಿಗೆ ಹೋಗಿರಬೇಕು. ಈಗ ನನಗೆ ಎಪ್ಪತ್ತು ದಾಟಿದೆ, ಶಾಲು ಮಾತ್ರ ಕಣ್ಣ ಮುಂದಿನಿಂದ ಹೋಗಿಲ್ಲ.

ಅದಾದ ಮೇಲೆ ನಾನೊಂದು ಅಭ್ಯಾಸ ಮಾಡಿಕೊಂಡೆ. ಸಾವಿನ ತಂತಿ ಅಂತ ಗೊತ್ತಾದರೆ ಮೊದಲು ಪಕ್ಕದ ಮನೆಯ ಬಾಗಿಲು ತಟ್ಟುತ್ತಿದ್ದೆ. "ಒಂದ್ನಿಮಿಷ ಜೊತೆಗೆ ಬನ್ನಿ" ಅನ್ನುತ್ತಿದ್ದೆ, ಯಾಕೆ ಅಂತ ಹೇಳುತ್ತಿರಲಿಲ್ಲ. ನಿಯಮದ ಪ್ರಕಾರ ಇದು ತಪ್ಪೇ. ತಂತಿಯಲ್ಲಿರುವುದನ್ನು ಬೇರೆಯವರಿಗೆ ಸುಳಿವು ಕೊಡುವಂತಿಲ್ಲ. ಮೇಲಿನವರಿಗೆ ಗೊತ್ತಾಗಿದ್ದರೆ ಬೈಗುಳ ಗ್ಯಾರಂಟಿ.

ರೈಲಿನಲ್ಲೂ ಅದನ್ನೇ ಹೇಳಿದೆ. "ಅಮ್ಮನಿಗೆ ಈಗಲೇ ಮಾಡ್ಬೇಡ. ಪಕ್ಕದ ಮನೆಯವರ ನಂಬರ್ ಇದೆಯಾ?" ಇತ್ತು. ಅವನ ಫೋನ್ ಸತ್ತುಹೋದರೆ ಅಂತ ನನ್ನ ಫೋನಿನಿಂದಲೇ ಮಾಡಿಸಿದೆ. ಆ ಕಡೆಯಿಂದ ಒಬ್ಬ ಹೆಂಗಸು ಮಾತಾಡಿದರು. ಅವರಿಗೂ ಸುದ್ದಿ ಬಂದಿತ್ತು, ಅಮ್ಮನಿಗೆ ಹೇಗೆ ಹೇಳುವುದು ಅಂತ ಬಾಗಿಲ ಹಿಂದೆ ನಿಂತಿದ್ದರಂತೆ! ಅವರು ಹೋಗಿ ಅಮ್ಮನ ಪಕ್ಕ ಕೂತ ಮೇಲೆ ಹುಡುಗ ಮಾತಾಡಿದ. "ಅಮ್ಮಾ, ಅಣ್ಣ ಸತ್ತುಹೋದ" ಅಂತಲೇ ಹೇಳಿದ. ಹಾಗೇ ಹೇಳು ಅಂತ ನಾನೇ ಹೇಳಿಕೊಟ್ಟಿದ್ದೆ. ಆಮೇಲೆ ಫೋನಿನಿಂದ ಬಂದ ಶಬ್ದವನ್ನು ಇಲ್ಲಿ ಬರೆಯಲಾರೆ. ಎದುರು ಸೀಟಿನವರು ತಮ್ಮ ಪುಸ್ತಕ ಮುಚ್ಚಿ ಕಾಲ ಮೇಲಿಟ್ಟುಕೊಂಡರು.

ಅಷ್ಟು ಒರಟಾಗಿ ಹೇಳಿಸಬೇಕಿತ್ತಾ ಅಂತ ನಿಮಗೆ ಅನ್ನಿಸಬಹುದು. ನನ್ನ ಮಗಳು ನರ್ಸು. ಕೆಟ್ಟ ಸುದ್ದಿ ಹೇಳುವುದನ್ನು ವೈದ್ಯರಿಗೆ ಪಾಠದ ಹಾಗೆ ಕಲಿಸುತ್ತಾರೆ ಅಂತ ಅವಳಿಂದಲೇ ನನಗೆ ಗೊತ್ತಾಗಿದ್ದು. 'ಸ್ಪೈಕ್ಸ್' ಅಂತ ಆರು ಹಂತದ ಕ್ರಮವೊಂದಿದೆ, 2000ದಲ್ಲಿ ಕ್ಯಾನ್ಸರ್ ವೈದ್ಯರಿಗಾಗಿ ಪ್ರಕಟವಾದದ್ದು. ಅದರ ಮೊದಲ ಹಂತವೇ ಜಾಗ ನೋಡಿಕೊಳ್ಳುವುದು. ಗದ್ದಲ ಇಲ್ಲದ ಕಡೆ ಕೂರಿಸಿ, ಬೇಕಾದವರನ್ನು ಪಕ್ಕಕ್ಕೆ ಕರೆಸಿ, ಆಮೇಲೆ ಮಾತು. ಸಾವಿನ ಸುದ್ದಿಯಾದರೆ 'ಹೋದರು', 'ನಮ್ಮ ಕೈ ಮೀರಿತು' ಅಂತೆಲ್ಲ ಸುತ್ತಿ ಬಳಸಬಾರದು, ಸತ್ತರು ಅಂತಲೇ ಹೇಳಿ ಸುಮ್ಮನಿರಬೇಕು. ಸುತ್ತಿ ಬಳಸಿದರೆ ಕೇಳುವವರು ಆಸೆ ಇಟ್ಟುಕೊಂಡುಬಿಡುತ್ತಾರೆ. ಇದನ್ನು ಅವಳು ಹೇಳಿದಾಗ ನನಗೆ ನೆನಪಾಗಿದ್ದು ಆ ಶಾಲು.

ಒಬ್ಬರೇ ಇರುವಾಗ ತಿಳಿಯಬಾರದು ಅನ್ನುವುದಕ್ಕೆ ಅವಳು ಇನ್ನೊಂದು ಕಾರಣ ಕೊಡುತ್ತಾಳೆ. ತೀರಾ ದೊಡ್ಡ ಆಘಾತವಾದಾಗ ಹೃದಯದ ಒಂದು ಭಾಗ ಇದ್ದಕ್ಕಿದ್ದಂತೆ ಸೋತು ಬಲೂನಿನ ಹಾಗೆ ಉಬ್ಬಬಹುದಂತೆ. 1990ರಲ್ಲಿ ಜಪಾನಿನ ವೈದ್ಯರು ಅದನ್ನು ವಿವರಿಸಿ 'ಟಾಕೊತ್ಸುಬೊ' ಅಂದರು. ಆಕ್ಟೋಪಸ್ ಹಿಡಿಯುವ ಮಡಕೆಯ ಹೆಸರು ಅದು, ಉಬ್ಬಿದ ಹೃದಯ ಆ ಆಕಾರದಲ್ಲಿ ಕಾಣುತ್ತದಂತೆ. ಹೆಚ್ಚಿನವರು ಕೆಲವು ವಾರಗಳಲ್ಲಿ ಚೇತರಿಸಿಕೊಳ್ಳುತ್ತಾರೆ. ಆದರೆ ಇದು ಜಾಸ್ತಿ ಕಾಣುವುದು ವಯಸ್ಸಾದ ಹೆಂಗಸರಲ್ಲಿ. ಎದೆ ಒಡೆಯಿತು ಅಂತ ನಾವು ಆಡುವ ಮಾತು ಸುಮ್ನೆ ಆಡುವ ಮಾತಲ್ಲ ಅಲ್ವಾ?

ತಂತಿಯ ಕೆಲಸದವನಾದ್ದರಿಂದ ಇನ್ನೊಂದು ವಿಷಯ ನನ್ನ ತಲೆಯಲ್ಲಿ ಕೂತಿದೆ. 1965ರ ನವೆಂಬರ್‌ನಲ್ಲಿ ವಿಯೆಟ್ನಾಂನ ಇಯಾ ದ್ರಾಂಗ್ ಕಣಿವೆಯಲ್ಲಿ ಕೆಲವೇ ದಿನಗಳಲ್ಲಿ ಇನ್ನೂರಕ್ಕೂ ಹೆಚ್ಚು ಅಮೆರಿಕದ ಸೈನಿಕರು ಸತ್ತರು. ಸಾವಿನ ತಂತಿಗಳನ್ನು ಮನೆಗಳಿಗೆ ಮುಟ್ಟಿಸಲು ಕೊಟ್ಟದ್ದು ಟ್ಯಾಕ್ಸಿ ಡ್ರೈವರ್‌ಗಳ ಕೈಗೆ. ಅಲ್ಲಿ ಹೋರಾಡುತ್ತಿದ್ದ ಅಧಿಕಾರಿ ಹಾಲ್ ಮೂರ್ ಅವರ ಮನೆ ಮುಂದೆಯೂ ಒಂದು ಟ್ಯಾಕ್ಸಿ ನಿಂತಿತು. ಅವರ ಹೆಂಡತಿ ಜೂಲಿಯಾಗೆ ಬಾಗಿಲು ತೆಗೆಯುವ ಧೈರ್ಯವೇ ಬರಲಿಲ್ಲವಂತೆ. ನೋಡಿದರೆ ಅವನು ಬೇರೊಂದು ಮನೆಗೆ ದಾರಿ ಕೇಳಲು ಬಂದಿದ್ದ. ಆ ಹೆಂಗಸು ಬಾಗಿಲು ಹಾಕಿಕೊಂಡು ನಿಟ್ಟುಸಿರು ಬಿಟ್ಟು ಒಳಗೆ ಹೋಗಬಹುದಿತ್ತು. ಹೋಗಲಿಲ್ಲ. ತಂತಿ ಹೋದ ಮನೆಗಳಿಗೆಲ್ಲ ತಾನೂ ಹೋಗಿ ಕೂತಳು, ಸೈನ್ಯದವರ ಜೊತೆ ಜಗಳ ತೆಗೆದಳು. ಅಧಿಕಾರಿಯೇ ಮನೆಗೆ ಹೋಗಿ ಎದುರು ನಿಂತು ಹೇಳುವ ಪದ್ಧತಿ ಗಟ್ಟಿಯಾಗಿ ಬರಲು ಅವಳ ಈ ಹಟವೂ ಕಾರಣ ಎನ್ನುತ್ತಾರೆ.

ಟ್ಯಾಕ್ಸಿಯವನಿಗಾದರೂ ಒಂದು ಬಾಗಿಲು, ಒಂದು ಮುಖ ಇರುತ್ತಿತ್ತು. ವಾಟ್ಸಾಪಿಗೆ ಅದೂ ಇಲ್ಲ. ಗುಂಪಿನ ಹುಡುಗರ ಮೇಲೆ ನನಗೆ ಸಿಟ್ಟಿಲ್ಲ, ಅವರಿಗೂ ಸಂಕಟವಾಗಿಯೇ ಕಳಿಸಿದ್ದು. ನಿಮ್ಮ ಮೇಲೆ ಸ್ವಲ್ಪ ಇದೆ. ಸತ್ತವರ ಹತ್ತಿರದವರಿಗೆ ಆ ಸುದ್ದಿ ಆದಷ್ಟು ಮಟ್ಟಿಗೆ ತಮ್ಮ ಪ್ರಸಾರದಿಂದ ಗೊತ್ತಾಗಬಾರದು ಅಂತ ಬಿಬಿಸಿಯವರು ತಮ್ಮ ಸಂಪಾದಕೀಯ ನಿಯಮಗಳಲ್ಲಿ ಬರೆದಿಟ್ಟುಕೊಂಡಿದ್ದಾರೆ. ನಿಮ್ಮಲ್ಲೂ ಅಂಥದ್ದು ಇದೆಯೋ ಏನೋ. ಇದ್ದರೆ ಮಂಗಳವಾರ ಬೆಳಿಗ್ಗೆ ಯಾರೂ ಅದನ್ನು ತೆಗೆದು ನೋಡಿಲ್ಲ. ಅಪಘಾತದ ಸುದ್ದಿ ಕೂಡಲೇ ಹಾಕಿ, ಆ ರಸ್ತೆಯಲ್ಲಿ ಹೋಗುವವರಿಗೆ ಬೇಕು. ಹೆಸರು, ಫೋಟೋ ಮಾತ್ರ ತಡೆಹಿಡಿಯಿರಿ. "ಮನೆಯವರಿಗೆ ತಿಳಿಸಿದ್ದೀರಾ?" ಅಂತ ಪೊಲೀಸರನ್ನು ಕೇಳುವುದಕ್ಕೆ ಒಂದು ಫೋನ್ ಸಾಕು. ಇನ್ನೊಂದು ಪತ್ರಿಕೆ ಮೊದಲು ಹಾಕಿಬಿಡುತ್ತದೆ ಅಂತ ನೀವು ಹೇಳಬಹುದು. ಹಾಕಲಿ ಬಿಡಿ.

ನನ್ನ ಸ್ಟೇಷನ್ ದಾಟಿ ಎರಡು ಸ್ಟೇಷನ್ ಆಗಿತ್ತು. ಅವನ ಜೊತೆ ಇಳಿದು, ಅವನನ್ನು ವಾಪಸ್ ಹೋಗುವ ಗಾಡಿಗೆ ಹತ್ತಿಸಿದೆ. ಹೆಸರು ಕೇಳಲಿಲ್ಲ. ಅವನ ಅಣ್ಣನ ಹೆಸರು ಮಾತ್ರ ಗೊತ್ತು, ಅದೂ ನಿಮ್ಮಿಂದಲೇ.

ಆ ಸುದ್ದಿ ನಿಮ್ಮ ಜಾಲತಾಣದಲ್ಲಿ ಇನ್ನೂ ಇದೆ, ಇವತ್ತೂ ನೋಡಿದೆ. ಅದರಲ್ಲಿ ವಯಸ್ಸು 34 ಅಂತ ಹಾಕಿದ್ದೀರಿ. ಗಾಡಿ ಕಾಯುವಾಗ ಹುಡುಗ ಅದನ್ನು ಮೂರು ಸಲ ಹೇಳಿದ: "ಮೂವತ್ತನಾಲ್ಕಲ್ಲ ಅಂಕಲ್, ಅವನಿಗೆ ಮೂವತ್ತೊಂದು." ದಯವಿಟ್ಟು ತಿದ್ದಿ.

ಇತಿ,
ನಿವೃತ್ತ ತಂತಿ ನೌಕರ
(ನನ್ನ ಹೆಸರು ಹಾಕುವುದು ಬೇಡ)