ಶಾಲು ಬೇಡ, ಹಾಲ್ ಕೊಡಿ

ಸಂಪಾದಕರಿಗೆ ನಮಸ್ಕಾರ,

ನಾನು ಮುಂಬೈನ ಮುಲುಂಡ್‌ನವನು, ನಿಮ್ಮ ಪೇಪರ್‌ನ ಹಳೇ ಓದುಗ. ನಮ್ಮಕ್ಕನ ಮಗಳಿಗೆ ಕಣ್ಣು ಕಾಣಲ್ಲ, ಗೋಲ್‌ಬಾಲ್ ಆಡ್ತಾಳೆ. ಹಂಗಂದ್ರೇನು ಅಂತ ಎಲ್ರೂ ಕೇಳ್ತಾರೆ, ನಾನೂ ಕೇಳಿದ್ದೆ. ಒಂದೊಂದು ಕಡೆ ಮೂರು ಜನ, ಸ್ವಲ್ಪ ಸ್ವಲ್ಪ ಕಾಣೋರಿಗೂ ಸೇರಿ ಎಲ್ರ ಕಣ್ಣಿಗೂ ಪಟ್ಟಿ, ಒಂದೂಕಾಲು ಕೆಜಿ ಚೆಂಡು, ಅದರೊಳಗೆ ಗಂಟೆ. ಆ ಸದ್ದು ಹಿಡ್ಕೊಂಡೇ ನೆಲಕ್ಕೆ ಉದ್ದುದ್ದ ಬಿದ್ದು ಚೆಂಡು ತಡೀಬೇಕು, ಗೋಲು ಬೇರೆ ಕೋರ್ಟಿನ ಅಗಲದಷ್ಟೂ ಇರುತ್ತೆ, 9 ಮೀಟರ್. ಗೆರೆಗಳ ಟೇಪಿನ ಅಡಿ ದಾರ ಇರುತ್ತೆ, ಬೆರಳಲ್ಲಿ ಸವರಿ ತಾನೆಲ್ಲಿದೀನಿ ಅಂತ ತಿಳ್ಕೊತಾಳೆ. ಮೊದಲ್ನೇ ಸಲ ನೋಡಕ್ಕೆ ಹೋದಾಗ ಅವಳು ಒಂದು ತಡೆದಿದ್ದೇ ತಡ, ನಾನು "ಭಲೇ ಪುಟ್ಟಿ" ಅಂತ ಕೂಗ್ಬಿಟ್ಟೆ. ಆಟ ನಿಂತೋಯ್ತು. "ಮಾಮ, ಇನ್ಮೇಲೆ ಬಾಯಿ ಮನೇಲಿಟ್ಟು ಬನ್ನಿ" ಅಂದ್ಲು!

ಅಂದ್ರೆ ಈ ಆಟಕ್ಕೆ ಬೇಕಾಗಿರೋದು ನಿಶ್ಶಬ್ದ, ಮುಂಬೈನಲ್ಲಿ ದುಡ್ಡು ಕೊಟ್ರೂ ಸಿಗದಿರೋದು ಅದೇ. ಮೊದಲು ಸಿಕ್ಕಿದ ಹಾಲ್ ರೈಲ್ವೆ ಹಳಿ ಪಕ್ಕ, ಒಂದೊಂದು ಲೋಕಲ್ ಹೋಗೋವರ್ಗೂ ಚೆಂಡು ಕೈಲಿ ಹಿಡ್ಕೊಂಡು ಕಾಯೋದು. ಇನ್ನೊಂದು ಕಡೆ ಮಹಡಿ ಮೇಲೆ ಬರ್ತ್‌ಡೇ ಪಾರ್ಟಿ, ಡಿಜೆ. ಆಮೇಲೆ ನಮ್ಮೋರೇ ಅಲ್ವಾ ಅಂತ ಒಂದು ಕನ್ನಡ ಸಂಘಕ್ಕೆ ಹೋದೆ, ಹೆಸರು ಬೇಡ ಬಿಡಿ. ಭಾನುವಾರ ಎಲ್ಲಾ ಮದುವೆ ಬುಕಿಂಗ್, ವಾರ್ಷಿಕೋತ್ಸವಕ್ಕೆ ಹುಡುಗೀನ ಕರ್ಕೊಂಡು ಬನ್ನಿ, ಶಾಲು ಹೊದಿಸ್ತೀವಿ ಅಂದ್ರು. ಅವಳಿಗೆ ಶಾಲು ಯಾಕ್ರೀ, ಮುಂಬೈ ಸೆಕೆಗೆ!

ಅವಳು ಮೊಬೈಲಲ್ಲಿ ಓದಿಸಿ ಕೇಳಿ ನಂಗೆ ಹೇಳಿದ್ದು: ಅಮೆರಿಕದ ಗೋಲ್‌ಬಾಲ್ ಆಟಗಾರ್ತಿ ಜೆನ್ ಆರ್ಮ್‌ಬ್ರಸ್ಟರ್‌ಗೆ 14ನೇ ವಯಸ್ಸಲ್ಲಿ ಕಣ್ಣು ಹೋಯ್ತಂತೆ, ಆದ್ರೂ 1992ರ ಬಾರ್ಸಿಲೋನಾದಿಂದ 2016ರ ರಿಯೋವರೆಗೆ 7 ಪ್ಯಾರಾಲಿಂಪಿಕ್ಸ್ ಆಡಿದ್ರು, 2008ರಲ್ಲಿ ಬೀಜಿಂಗ್‌ನಲ್ಲಿ ದೇಶದ ಬಾವುಟನೂ ಹಿಡಿದ್ರು ಚಿನ್ನನೂ ಗೆದ್ರು. ನಾನು ಯೋಚ್ನೆ ಮಾಡಿದ್ದು ಇಷ್ಟೇ, ಇಪ್ಪತ್ನಾಲ್ಕು ವರ್ಷ ಆಡಿದಾರೆ ಅಂದ್ರೆ ಅಷ್ಟೂ ವರ್ಷ ಅವರಿಗೆ ಪ್ರಾಕ್ಟೀಸಿಗೆ ಎಲ್ಲೋ ಒಂದು ಹಾಲ್ ಇತ್ತು ತಾನೆ? ನಮ್ಮ ಹುಡುಗಿಗೆ ಎರಡು ತಿಂಗಳು ಒಂದೇ ಕಡೆ ಆಡೋಕೆ ಆಗಿಲ್ಲ.

ಅದಕ್ಕೆ ನಿಮ್ಮ ಮೂಲಕ ಮುಂಬೈನ ಸಂಘಗಳೋರಿಗೆ ಕೇಳೋದು, 18 ಮೀಟರ್ ಉದ್ದದ ಕೋರ್ಟ್ ಹಿಡಿಸೋ ಹಾಲ್ ಇದ್ರೆ ಭಾನುವಾರ ಬೆಳಿಗ್ಗೆ 6ರಿಂದ 8 ಕೊಡಿ, ಮದುವೆಯೋರು ಬರೋಷ್ಟರಲ್ಲಿ ಟೇಪ್ ಕಿತ್ತು ನೆಲ ಒರೆಸಿ ಬೀಗ ಕೈಗೆ ಕೊಡ್ತೀವಿ. ಫ್ಯಾನ್ ಕೂಡ ಹಾಕಲ್ಲ, ಅದರ ಸದ್ದೂ ಆಗ್ಬರಲ್ಲ.

ಇಂತಿ,
ಮುಲುಂಡ್‌ನ ಒಬ್ಬ ಓದುಗ