ಕುದುರೆಗೆ ಸಹಾಯಧನ ಬಂತು, ವೈದ್ಯರೂ ಬರಲಿ

ಮಾನ್ಯ ಸಂಪಾದಕರೆ,

ರಾಷ್ಟ್ರೀಯ ಜಾನುವಾರು ಮಿಷನ್ನಿನ ವ್ಯಾಪ್ತಿಗೆ ಕುದುರೆ, ಕತ್ತೆ, ಹೇಸರಗತ್ತೆ ಮತ್ತು ಒಂಟೆಗಳನ್ನೂ ಸೇರಿಸಲು ಕೇಂದ್ರ ಸಚಿವ ಸಂಪುಟವು 2024ರ ಫೆಬ್ರುವರಿಯಲ್ಲಿ ಒಪ್ಪಿಗೆ ನೀಡಿದ ಮೇಲೆ, ಧಾರವಾಡ, ಗದಗ ಮತ್ತು ಹಾವೇರಿ ಜಿಲ್ಲೆಗಳ ಕೆಲವು ರೈತರೂ ಓದಿದ ಯುವಕರೂ ಕುದುರೆ ಸಾಕಣೆಯ ಬಗ್ಗೆ ವಿಚಾರಿಸತೊಡಗಿದ್ದಾರೆ. ಬಂಡವಾಳ ವೆಚ್ಚದ ಶೇ 50ರಷ್ಟು, ಗರಿಷ್ಠ ₹50 ಲಕ್ಷದವರೆಗೆ ಸಹಾಯಧನ ದೊರೆಯುತ್ತದೆ ಎಂಬ ಮಾತು ಸಹಜವಾಗಿಯೇ ಆಸೆ ಹುಟ್ಟಿಸುವಂಥದು. ಧಾರವಾಡ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಈವೆಂಟಿಂಗ್ ಸ್ಪರ್ಧೆಯ ಒಂದು ಕುದುರೆಯನ್ನೂ, ಮರಿ ಪಡೆಯಲೆಂದು ಕೆಲವು ಹೆಣ್ಣುಕುದುರೆಗಳನ್ನೂ ಸಾಕಿಕೊಂಡಿರುವ ನನ್ನ ಬಳಿಗೂ ಅಂಥವರು ಬರುತ್ತಾರೆ. ಲಾಯ ಎಷ್ಟು ಅಗಲವಿರಬೇಕು, ಮೇವಿಗೆ ಎಷ್ಟು ಎಕರೆ ಬೇಕು, ಮರಿಗೆ ಯಾವ ಬೆಲೆ ಬರುತ್ತದೆ ಎಂದು ಕೇಳುತ್ತಾರೆ. ನಡುರಾತ್ರಿ ಹೆಣ್ಣುಕುದುರೆ ಈಯುವಾಗ ತೊಡಕಾದರೆ ಯಾರನ್ನು ಕರೆಯಬೇಕು ಎಂದು ಕೇಳುವವರು ತೀರ ಕಡಿಮೆ. ಆ ಪ್ರಶ್ನೆಗೆ ನಮ್ಮ ಭಾಗದಲ್ಲಿ ಇಂದಿಗೂ ಸಮಾಧಾನಕರ ಉತ್ತರವಿಲ್ಲ ಎಂಬುದನ್ನು ಸಂಬಂಧಪಟ್ಟವರ ಗಮನಕ್ಕೆ ತರಲು ಈ ಪತ್ರ ಬರೆಯುತ್ತಿದ್ದೇನೆ.

ಯೋಜನೆ ಬೇಕಾಗಿತ್ತು ಎಂಬುದರಲ್ಲಿ ಎರಡು ಮಾತಿಲ್ಲ. 2012ರ ಜಾನುವಾರು ಗಣತಿಯಲ್ಲಿ ದೇಶದಲ್ಲಿ ಸುಮಾರು 6.25 ಲಕ್ಷವಿದ್ದ ಕುದುರೆ ಮತ್ತು ತಟ್ಟುಗಳ ಸಂಖ್ಯೆ 2019ರ ಗಣತಿಯ ಹೊತ್ತಿಗೆ 3.4 ಲಕ್ಷಕ್ಕೆ ಇಳಿದಿದೆ. ಹುಬ್ಬಳ್ಳಿ, ಧಾರವಾಡದ ಬೀದಿಗಳಿಂದ ಟಾಂಗಾಗಳು ಮರೆಯಾಗಿ ಬಹಳ ಕಾಲವಾಯಿತು. ಕುರಿಮಂದೆಯೊಂದಿಗೆ ಊರೂರು ಅಲೆಯುವ ಕುರುಬ ಸಮುದಾಯದವರ ಸಂಸಾರವನ್ನು ಬೆನ್ನ ಮೇಲೆ ಹೊತ್ತು ಸಾಗುವ ಸಣ್ಣ ಮೈಯ ಕುದುರೆಗಳು ಮಾತ್ರ ಗದಗ, ಹಾವೇರಿಯ ಹೊಲಗಳಲ್ಲಿ ಇನ್ನೂ ಕಾಣಸಿಗುತ್ತವೆ. ಮಹಾರಾಷ್ಟ್ರದ ಭೀಮಾ ತೀರದ ದಖ್ಖನಿ ಕುದುರೆಗೆ ಭೀಮಥಡಿ ಎಂಬ ಹೆಸರಿನಲ್ಲಿ ಪ್ರತ್ಯೇಕ ತಳಿಯ ಮಾನ್ಯತೆ ಇತ್ತೀಚೆಗಷ್ಟೇ ದೊರೆತಿದೆ. ನಮ್ಮ ಕುರಿಗಾರರ ಕುದುರೆಗಳನ್ನು ಹಾಗೆ ಕೂತು ಅಳೆದು ನೋಡಿದವರು ಯಾರೂ ನನ್ನ ಕಣ್ಣಿಗೆ ಬಿದ್ದಿಲ್ಲ.

ಈವೆಂಟಿಂಗ್ ಎಂದರೇನು ಎಂದು ಕೇಳುವವರಿಗಾಗಿ ಎರಡು ಮಾತು. ಸೇನೆಯ ಕುದುರೆಗಳ ಕಸುವನ್ನೂ ವಿಧೇಯತೆಯನ್ನೂ ಒರೆಗೆ ಹಚ್ಚುವ ಪರೀಕ್ಷೆಯಾಗಿ ಹುಟ್ಟಿ, 1912ರ ಸ್ಟಾಕ್‌ಹೋಮ್ ಒಲಿಂಪಿಕ್ಸ್‌ನಲ್ಲಿ ಸೇರ್ಪಡೆಯಾದ ಈ ಸ್ಪರ್ಧೆಯಲ್ಲಿ ಒಂದೇ ಕುದುರೆ, ಒಬ್ಬನೇ ಸವಾರ ಮೂರು ಹಂತಗಳನ್ನು ದಾಟಬೇಕು. ಮೊದಲನೆಯದು ಸಮತಟ್ಟಾದ ಅಂಗಳದಲ್ಲಿ ಹೆಜ್ಜೆಯ ಶಿಸ್ತನ್ನು ತೋರಿಸುವ ಡ್ರೆಸಾಜ್, ಎರಡನೆಯದು ಬಯಲಿನಲ್ಲಿ ಮರದ ದಿಮ್ಮಿ, ಕಂದಕ, ನೀರಿನ ಹೊಂಡಗಳನ್ನು ಹಾರುತ್ತಾ ಓಡುವ ಕ್ರಾಸ್‌ಕಂಟ್ರಿ, ಕೊನೆಯದು ಶೋ ಜಂಪಿಂಗ್. ಕ್ರಾಸ್‌ಕಂಟ್ರಿಯಲ್ಲಿ ದಣಿದ ಕುದುರೆ ಕುಂಟುತ್ತಿಲ್ಲ ಎಂಬುದನ್ನು ದೊಡ್ಡ ಸ್ಪರ್ಧೆಗಳಲ್ಲಿ ವೈದ್ಯರೂ ತೀರ್ಪುಗಾರರೂ ಓಡಿಸಿ ನೋಡಿದ ಮೇಲೆಯೇ ಕೊನೆಯ ಹಂತಕ್ಕೆ ಬಿಡುತ್ತಾರೆ. 1982ರ ದೆಹಲಿ ಏಷ್ಯನ್ ಕ್ರೀಡಾಕೂಟದಲ್ಲಿ ರಘುಬೀರ್ ಸಿಂಗ್ ಇದರಲ್ಲಿ ವೈಯಕ್ತಿಕ ಚಿನ್ನ ಗೆದ್ದಿದ್ದರು. ಆ ಬಳಿಕ ಏಷ್ಯನ್ ಕ್ರೀಡಾಕೂಟದ ಕುದುರೆ ಸವಾರಿಯಲ್ಲಿ ಭಾರತಕ್ಕೆ ವೈಯಕ್ತಿಕ ಪದಕ ಬಂದದ್ದು 2018ರಲ್ಲಿ, ಬೆಂಗಳೂರಿನ ಫೌಆದ್ ಮಿರ್ಜಾ ಅವರಿಂದ. ಅವರು ಟೋಕಿಯೊ ಒಲಿಂಪಿಕ್ಸ್‌ನಲ್ಲಿ 23ನೇ ಸ್ಥಾನ ಪಡೆದದ್ದನ್ನು ನಾವೆಲ್ಲ ಹೆಮ್ಮೆಯಿಂದ ಓದಿದ್ದೇವೆ. ಆದರೆ ಅವರ ಕುದುರೆ ಹುಟ್ಟಿದ್ದು ಯುರೋಪಿನಲ್ಲಿ, ತರಬೇತಿ ನಡೆದದ್ದು ಜರ್ಮನಿಯಲ್ಲಿ. ಸವಾರನನ್ನು ಕೊಟ್ಟ ಕರ್ನಾಟಕ ಕುದುರೆಯನ್ನು ಕೊಡಲಿಲ್ಲ. ತುಮಕೂರು ಜಿಲ್ಲೆಯ ಕುಣಿಗಲ್‌ನಲ್ಲಿ ಹೈದರ್, ಟಿಪ್ಪು ಕಾಲದಿಂದ ಬಂದ ಕುದುರೆ ಫಾರ್ಮ್ ಇದ್ದರೂ ಅದು ಹೆಸರಾದದ್ದು ರೇಸಿನ ಥರೋಬ್ರೆಡ್ ಕುದುರೆಗಳಿಗೆ. ಕೃಷ್ಣಾ, ಮಲಪ್ರಭಾ ಸೀಮೆಯ ರೈತನಿಗೆ ಅದರಿಂದ ಆಗುವ ಉಪಯೋಗ ಅಷ್ಟಕ್ಕಷ್ಟೆ.

ಹೆಣ್ಣುಕುದುರೆ ಗಬ್ಬವಾದ ದಿನದಿಂದ ಮರಿ ಹುಟ್ಟುವವರೆಗೆ ಸರಿಸುಮಾರು ಹನ್ನೊಂದು ತಿಂಗಳು. ಆ ಮರಿಯ ಬೆನ್ನಿಗೆ ಜೀನು ಏರಿಸಲು ಮೂರ್ನಾಲ್ಕು ವರ್ಷ ಕಾಯಬೇಕು. ಐದಾರು ವರ್ಷ ತುಂಬುವ ಮೊದಲು ಅದನ್ನು ದೊಡ್ಡ ಸ್ಪರ್ಧೆಗೆ ಇಳಿಸುವುದಿಲ್ಲ. ಹೀಗೆ ಆರೇಳು ವರ್ಷ ಕೈಯಿಂದ ಹಾಕಿ ಸಾಕಬೇಕಾದ ಮರಿಯನ್ನು ಹುಟ್ಟಿದ ಮೊದಲ ದಿನವೇ ಕಳೆದುಕೊಂಡರೆ ಆಗುವ ನಷ್ಟವನ್ನು ಯಾವ ಸಹಾಯಧನವೂ ತುಂಬಿಕೊಡಲಾರದು. ಅಂಥ ನಷ್ಟ ಈ ಭಾಗದಲ್ಲಿ ಹೆಚ್ಚಾಗಿ ಆಗುವುದು ಕುದುರೆಯನ್ನು ಆಕಳಿನ ಲೆಕ್ಕದಲ್ಲಿ ನೋಡುವುದರಿಂದ ಎಂದು ನನ್ನ ಅನುಭವ ಹೇಳುತ್ತದೆ.

ನಮ್ಮ ಹಳ್ಳಿಗಳ ಪಶುವೈದ್ಯರು ಆಕಳು, ಎಮ್ಮೆ, ಕುರಿ, ಆಡುಗಳಲ್ಲಿ ಪಳಗಿದವರು. ಅವರ ಶ್ರದ್ಧೆಯ ಬಗ್ಗೆ ನನ್ನ ತಕರಾರಿಲ್ಲ, ಹೊತ್ತಿಲ್ಲದ ಹೊತ್ತಿನಲ್ಲಿ ಮಳೆಯಲ್ಲಿ ನೆನೆಯುತ್ತಾ ಬಂದವರನ್ನು ನಾನು ಬಲ್ಲೆ. ಆದರೆ ಆಕಳು ಬೆಳಿಗ್ಗೆ ಬೆದೆಗೆ ಬಂದರೆ ಸಂಜೆ, ಸಂಜೆ ಬಂದರೆ ಮರುದಿನ ಬೆಳಿಗ್ಗೆ ಕೃತಕ ಗರ್ಭಧಾರಣೆಯ ಸೂಜಿ ಹಾಕಿಸಬೇಕು ಎಂಬ ನಿಯಮ ಕುದುರೆಗೆ ಹೊಂದುವುದಿಲ್ಲ. ಕುದುರೆಯ ಬೆದೆ ಐದರಿಂದ ಏಳು ದಿನ ಇರುತ್ತದೆ, ಅಂಡ ಬಿಡುಗಡೆಯಾಗುವುದು ಬೆದೆ ಮುಗಿಯುವ ಮುಂಚಿನ ಒಂದೆರಡು ದಿನಗಳಲ್ಲಿ. ಸ್ಕ್ಯಾನಿಂಗ್ ಯಂತ್ರದಲ್ಲಿ ಅಂಡಾಶಯವನ್ನು ನೋಡದೆ ಆ ಹೊತ್ತನ್ನು ಗೊತ್ತುಮಾಡುವುದು ಕಷ್ಟ. ಗಬ್ಬ ಕಟ್ಟಿದ ಮೇಲೂ ಯಂತ್ರದ ಕೆಲಸ ಮುಗಿಯುವುದಿಲ್ಲ. ಹದಿನಾಲ್ಕರಿಂದ ಹದಿನಾರನೇ ದಿನದೊಳಗೆ ಒಮ್ಮೆ ನೋಡಲೇಬೇಕು, ಏಕೆಂದರೆ ಕುದುರೆಯ ಗರ್ಭದಲ್ಲಿ ಅವಳಿ ನಿಂತರೆ ಬಹುಪಾಲು ಎರಡೂ ಉಳಿಯುವುದಿಲ್ಲ, ಕೆಲವೊಮ್ಮೆ ತಾಯಿಯೂ ಅಪಾಯಕ್ಕೆ ಸಿಲುಕುತ್ತದೆ. ಭ್ರೂಣಗಳು ಗರ್ಭಕೋಶದಲ್ಲಿ ಒಂದೆಡೆ ನೆಲೆಗೊಳ್ಳುವ ಮೊದಲು, ಆ ಎರಡು ಮೂರು ದಿನಗಳಲ್ಲಿ ಮಾತ್ರ ಅನುಭವಿ ವೈದ್ಯರು ಒಂದನ್ನು ಬೆರಳಿನಲ್ಲೇ ಒತ್ತಿ ನಿವಾರಿಸಿ ಇನ್ನೊಂದನ್ನು ಸುಲಭವಾಗಿ ಉಳಿಸಬಲ್ಲರು. ಎರಡು ತಿಂಗಳು ಕಳೆದ ಮೇಲೆ ಕೈ ಹಾಕಿ ಗಬ್ಬ ನೋಡುವ ವಾಡಿಕೆ ಆಕಳಿಗೆ ಸಾಕಾದೀತು, ಇಲ್ಲಿ ಅದು ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ.

ಈಯುವ ರಾತ್ರಿಯ ವಿಷಯ ಇನ್ನೂ ಗಂಭೀರ. ಕುದುರೆಗಳು ಹೆಚ್ಚಾಗಿ ಈಯುವುದು ರಾತ್ರಿ ಹೊತ್ತು, ಸುತ್ತ ಗದ್ದಲವಿಲ್ಲದಾಗ. ನೀರುಚೀಲ ಒಡೆದ ಮೇಲೆ ಮರಿ ಇಪ್ಪತ್ತು ಮೂವತ್ತು ನಿಮಿಷಗಳಲ್ಲಿ ಹೊರಬರಬೇಕು. ಆಕಳು ಇನ್ನಷ್ಟು ಹೊತ್ತು ತಿಣುಕಿದರೂ ಕರು ಬದುಕಿ ಉಳಿಯುವುದುಂಟು, ಕುದುರೆಯಲ್ಲಿ ಮಾಸು ಬೇಗ ಬಿಡಿಸಿಕೊಳ್ಳುವುದರಿಂದ ಮರಿಗೆ ಉಸಿರು ತಲುಪುವುದು ನಿಂತುಹೋಗುತ್ತದೆ. ಬಿಳಿಯ ಪೊರೆಯ ಬದಲು ಕೆಂಪು ಚೀಲವೇ ಮೊದಲು ಕಾಣಿಸಿಕೊಂಡರೆ ವೈದ್ಯರಿಗೆ ಫೋನ್ ಮಾಡುವಷ್ಟೂ ಪುರಸೊತ್ತಿಲ್ಲ, ಮನೆಯವರೇ ಅದನ್ನು ಸೀಳಿ ಮರಿಯನ್ನು ಎಳೆಯಬೇಕು. ಹುಟ್ಟಿದ ಮರಿ ಒಂದು ಗಂಟೆಯೊಳಗೆ ಎದ್ದು ನಿಲ್ಲಬೇಕು, ಎರಡು ಗಂಟೆಯೊಳಗೆ ಮೊಲೆಗೆ ಬಾಯಿ ಹಾಕಬೇಕು, ಮೂರು ಗಂಟೆಯೊಳಗೆ ತಾಯಿಯ ಮಾಸು ಪೂರ್ತಿ ಬೀಳಬೇಕು. ಆಕಳಿನ ಮಾಸಿಗೆ ಅರ್ಧ ದಿನ ಕಾಯುವ ರೂಢಿ ಇದೆ. ಕುದುರೆಯಲ್ಲಿ ಒಂದು ತುಣುಕು ಒಳಗೆ ಉಳಿದರೂ ನಂಜೇರಿ ಗೊರಸಿನ ಒಳಪದರ ಬೇಯತೊಡಗುತ್ತದೆ, ಕಾಲೂರಲಾಗದ ಕುದುರೆಯನ್ನು ಮತ್ತೆ ಎಬ್ಬಿಸುವುದು ದೊಡ್ಡ ಕೆಲಸ. ನಮ್ಮ ಹೆಣ್ಣುಕುದುರೆಯೊಂದಕ್ಕೆ ಮಾಸು ಬೀಳದೆ ಉಳಿದಾಗ, ಕರೆ ಸ್ವೀಕರಿಸಿದವರು ಬೆಳಗಾಗಲಿ, ತಾನಾಗಿಯೇ ಬೀಳುತ್ತದೆ ಎಂದು ಸಮಾಧಾನ ಹೇಳಿದರು. ಅವರು ಕಲಿತದ್ದನ್ನೇ ಹೇಳಿದರು ಎಂದು ಈಗ ಅನ್ನಿಸುತ್ತದೆ. ಆ ಕುದುರೆ ಬದುಕಿತು, ಆದರೆ ಮತ್ತೆ ಗಬ್ಬ ಕಟ್ಟಲಿಲ್ಲ.

ಮರಿಯ ಮಾತೂ ಹಾಗೆಯೇ. ಕುದುರೆಯ ಮರಿ ರೋಗ ತಡೆಯುವ ಶಕ್ತಿಯನ್ನು ತಾಯಿಯ ಗರ್ಭದಿಂದ ಪಡೆದು ಬರುವುದಿಲ್ಲ, ಗಿಣ್ಣದ ಹಾಲಿನಿಂದಲೇ ಪಡೆಯಬೇಕು. ಅದನ್ನು ಹೀರಿಕೊಳ್ಳುವ ಶಕ್ತಿ ಕರುಳಿಗೆ ಮೊದಲ ಕೆಲವು ಗಂಟೆಗಳಲ್ಲಿ ಹೆಚ್ಚಾಗಿದ್ದು, ಒಂದು ದಿನದೊಳಗೆ ನಿಂತೇ ಹೋಗುತ್ತದೆ. ಈಯುವ ಮುನ್ನವೇ ಕೆಚ್ಚಲಿನಿಂದ ಹಾಲು ಸೋರಿಹೋದ ತಾಯಿಯ ಮರಿಗೆ ಬೇರೆ ಹೆಣ್ಣುಕುದುರೆಯ ಗಿಣ್ಣದ ಹಾಲನ್ನು ಕೂಡಿಟ್ಟಿರಬೇಕು, ಇಲ್ಲವೇ ರಕ್ತ ಪರೀಕ್ಷೆ ಮಾಡಿ ಪ್ಲಾಸ್ಮಾ ಕೊಡಬೇಕು. ಅದನ್ನು ಕೊಡುವ ಕೈ ಗಂಟೆಗಟ್ಟಲೆ ದೂರದಲ್ಲಿದ್ದರೆ ಹೊತ್ತು ಮೀರುತ್ತದೆ.

ಈವೆಂಟಿಂಗ್ ಕುದುರೆಗೆ ಬೇಕಾದದ್ದೂ ಬಹುಮಟ್ಟಿಗೆ ಇದೇ ವೈದ್ಯರು, ಇದೇ ಯಂತ್ರ. ನವಲಗುಂದ, ಗದಗ ಕಡೆಯ ಎರಿ ಹೊಲ ಮಳೆಗಾಲದಲ್ಲಿ ಗೊರಸಿಗೆ ಹೆಂಟೆಯಾಗಿ ಮೆತ್ತಿಕೊಂಡು ಕಾಲಿನ ಹಿಂಭಾಗದ ಸ್ನಾಯುರಜ್ಜುವನ್ನು ಜಗ್ಗುತ್ತದೆ, ಬೇಸಿಗೆಯಲ್ಲಿ ಬಿರುಕು ಬಿಟ್ಟು ಕಾಲು ಸಿಲುಕಿಸುತ್ತದೆ. ಧಾರವಾಡದ ಪಶ್ಚಿಮಕ್ಕೆ ಮಸಾರಿ ನೆಲದಲ್ಲಿ ನೀರು ಬೇಗ ಇಂಗುವುದರಿಂದ ನಾನು ಓಟವನ್ನು ಅಲ್ಲಿಗೇ ಇಟ್ಟುಕೊಂಡಿದ್ದೇನೆ, ಏಪ್ರಿಲ್, ಮೇ ತಿಂಗಳಲ್ಲಿ ಅದೂ ಸೂರ್ಯ ಏರುವ ಮುನ್ನವೇ ಮುಗಿಯಬೇಕು. ಸ್ನಾಯುರಜ್ಜು ಹರಿದರೆ ಗುಣವಾಗಲು ತಿಂಗಳುಗಟ್ಟಲೆ, ಒಮ್ಮೊಮ್ಮೆ ವರ್ಷವೇ ಬೇಕು. ಗಾಯ ಎಷ್ಟು ಆಳ, ಓಟ ಯಾವಾಗ ಶುರುಮಾಡಬಹುದು ಎಂದು ತಿಳಿಯುವುದು ಸ್ಕ್ಯಾನಿಂಗ್‌ನಿಂದ. ಲಾಳದ ತೊಂದರೆಯನ್ನೂ ಇಲ್ಲಿಯೇ ಹೇಳಬೇಕು. ಸೀಳುಗೊರಸಿನ ಎತ್ತಿಗೆ ಲಾಳ ಬಡಿಯುವ ನುರಿತ ನಾಲಬಂದರು ನಮ್ಮ ಸಂತೆಗಳಲ್ಲಿ ಇನ್ನೂ ಇದ್ದಾರೆ, ಆದರೆ ಐದಾರು ವಾರಕ್ಕೊಮ್ಮೆ ಗೊರಸನ್ನು ಸರಿಯಾದ ಕೋನದಲ್ಲಿ ಕೆತ್ತಿ, ಹಾರುವ ಕುದುರೆಗೆ ಲಾಳ ಕೂರಿಸುವ ಕೆಲಸಕ್ಕೆ ಅವರಿಗೆ ಯಾರೂ ತರಬೇತಿ ಕೊಟ್ಟಿಲ್ಲ. ಕೊಟ್ಟರೆ ಕಲಿಯುವ ಕೈಗಳು ಅವು.

ಮೇವಿಗೆ ಈ ಭಾಗ ಬಡವಲ್ಲ. ಹುಲ್ಲು ಮತ್ತು ಮೇವಿನ ಸಂಶೋಧನೆ ನಡೆಸುವ ಕೇಂದ್ರವೊಂದು ಧಾರವಾಡದಲ್ಲಿಯೇ ಇದೆ, ಕುದುರೆ ಮಸಾಲೆ ಸೊಪ್ಪು ನಮ್ಮ ನೀರಾವರಿ ಹೊಲಗಳಲ್ಲಿ ಚೆನ್ನಾಗಿ ಬರುತ್ತದೆ. ಹೊಸದಾಗಿ ಕುದುರೆ ತರುವವರಿಗೆ ಒಂದು ಎಚ್ಚರಿಕೆಯನ್ನು ಮಾತ್ರ ಹೇಳಲೇಬೇಕು. ಕೋಳಿ ಆಹಾರದಲ್ಲಿ ಮತ್ತು ಕೆಲವು ಬಗೆಯ ದನದ ದಾಣಿಯಲ್ಲಿ ಬೆರೆಸುವ ಮೊನೆನ್ಸಿನ್ ಎಂಬ ಔಷಧ ಕುದುರೆಗೆ ವಿಷ, ಸ್ವಲ್ಪ ಪ್ರಮಾಣವೂ ಹೃದಯದ ಸ್ನಾಯುವನ್ನು ಕೆಡಿಸಿ ಕೊಲ್ಲಬಲ್ಲದು. ಎಮ್ಮೆಗೆ ತಂದ ಚೀಲದಿಂದ ಕುದುರೆಗೂ ಒಂದು ಬೊಗಸೆ ಹಾಕುವುದು ನಮ್ಮ ಮನೆಗಳಲ್ಲಿ ಸಾಮಾನ್ಯ. ಸಹಾಯಧನದ ಅರ್ಜಿಯ ಜೊತೆಗೆ ಕೊಡುವ ತಿಳಿವಳಿಕೆ ಪತ್ರದಲ್ಲಿ ಈ ಒಂದು ಸಾಲಾದರೂ ಇರಲಿ.

ಗ್ಲಾಂಡರ್ಸ್ ರೋಗದ ವಿಷಯದಲ್ಲಿ ಉದಾಸೀನ ಸಲ್ಲದು. ಮನುಷ್ಯರಿಗೂ ಅಂಟುವ ಈ ರೋಗ ದೃಢಪಟ್ಟರೆ 2009ರ ಪ್ರಾಣಿಗಳ ಸಾಂಕ್ರಾಮಿಕ ರೋಗ ನಿಯಂತ್ರಣ ಕಾಯ್ದೆಯ ಪ್ರಕಾರ ಕುದುರೆಗೆ ದಯಾಮರಣ ಕೊಡಬೇಕಾಗುತ್ತದೆ. ಜಾತ್ರೆಯಲ್ಲಿ ಕೊಂಡ ಕುದುರೆಯನ್ನು ರಕ್ತ ಪರೀಕ್ಷೆಯಿಲ್ಲದೆ ಹಳೆಯ ಕುದುರೆಗಳ ಪಕ್ಕ ಕಟ್ಟಬಾರದು ಎಂದು ಎಲ್ಲರೂ ಹೇಳುತ್ತಾರೆ. ಮಾದರಿ ತೆಗೆದು ಪ್ರಯೋಗಾಲಯಕ್ಕೆ ಕಳಿಸುವ ವ್ಯವಸ್ಥೆ ತಾಲ್ಲೂಕು ಮಟ್ಟದಲ್ಲಿ ಸುಲಭವಾಗಿ ಸಿಕ್ಕರೆ ಮಾತ್ರ ಮದುವೆ ಮೆರವಣಿಗೆಯ ಕುದುರೆಯವರೂ ಕುರಿಗಾರರೂ ಅದನ್ನು ಪಾಲಿಸಿಯಾರು.

ಆದ್ದರಿಂದ ಪಶುಸಂಗೋಪನಾ ಇಲಾಖೆಯಲ್ಲಿ ಮತ್ತು ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದಲ್ಲಿ ನನ್ನ ವಿನಂತಿ ಇಷ್ಟು. ಗದಗಿನಲ್ಲಿ ಪಶುವೈದ್ಯಕೀಯ ಕಾಲೇಜು ಇದೆ, ಹುಬ್ಬಳ್ಳಿಗೂ ಹಾವೇರಿಗೂ ಅದು ಬೆಂಗಳೂರಿಗಿಂತ ಎಷ್ಟೋ ಹತ್ತಿರ. ಕುದುರೆಗಳಿಗಾಗಿಯೇ ಒಂದು ಘಟಕ, ರಾತ್ರಿಯೂ ಕರೆ ಸ್ವೀಕರಿಸುವ ಒಬ್ಬಿಬ್ಬರು ವೈದ್ಯರು, ಗರ್ಭಕ್ಕೂ ಕಾಲಿಗೂ ಬಳಸಬಹುದಾದ ಒಂದು ಸ್ಕ್ಯಾನಿಂಗ್ ಯಂತ್ರ ಅಲ್ಲಿ ಇರಲಿ. ಹರಿಯಾಣದ ಹಿಸಾರ್‌ನಲ್ಲಿರುವ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರಕ್ಕೆ ನಮ್ಮ ವೈದ್ಯರನ್ನು ಸರದಿಯಂತೆ ತರಬೇತಿಗೆ ಕಳಿಸಬಹುದು. ಆ ಕೇಂದ್ರದ ಬಿಕಾನೇರ್ ಶಾಖೆಯಲ್ಲಿ 2023ರಲ್ಲಿ ಭ್ರೂಣ ವರ್ಗಾವಣೆಯಿಂದ ಮಾರವಾಡಿ ತಳಿಯ ಮರಿ ಹುಟ್ಟಿದೆ. ಆ ವಿದ್ಯೆ ಇಲ್ಲಿಗೂ ಬಂದರೆ ಸ್ಪರ್ಧೆಯಲ್ಲಿರುವ ಒಳ್ಳೆಯ ಹೆಣ್ಣುಕುದುರೆಯನ್ನು ಕಣದಿಂದ ಬಿಡಿಸದೆಯೇ ಬಾಡಿಗೆ ತಾಯಿಯಲ್ಲಿ ಅದರ ಮರಿ ಪಡೆಯಬಹುದು. 1962 ಸಂಖ್ಯೆಗೆ ಕರೆ ಮಾಡಿದರೆ ಬರುವ ಸಂಚಾರಿ ಚಿಕಿತ್ಸಾ ವಾಹನಗಳಲ್ಲಿ ಹೊಟ್ಟೆಶೂಲೆಗೆ ಮೂಗಿನ ಮೂಲಕ ಹಾಕುವ ಕೊಳವೆ, ಮಾಸು ಬೀಳಿಸುವ ಔಷಧ ಮುಂತಾದ, ದುಬಾರಿಯಲ್ಲದ ಸಾಮಗ್ರಿಗಳನ್ನು ಇಡಬಹುದು. ಕಿಲಾರಿ ರಾಸುಗಳಿಗಾಗಿ ಬಂಕಾಪುರದಲ್ಲಿ ತಳಿ ಸಂವರ್ಧನಾ ಕೇಂದ್ರವನ್ನು ನಡೆಸಿಕೊಂಡು ಬಂದಿರುವ ಇಲಾಖೆಗೆ ಇದೇನು ಮೀರಿದ ಕೆಲಸವಲ್ಲ.

ಸಹಾಯಧನದ ಅರ್ಜಿಗಳನ್ನು ಮಂಜೂರು ಮಾಡುವ ಮುನ್ನ ಮೂರೂ ಜಿಲ್ಲೆಗಳಲ್ಲಿ ಎಷ್ಟು ಹೆಣ್ಣುಕುದುರೆಗಳಿವೆ, ಅವುಗಳಲ್ಲಿ ಎಷ್ಟು ಗಬ್ಬವಾಗಿವೆ, ಹುಟ್ಟಿದ ಮರಿಗಳಲ್ಲಿ ಎಷ್ಟು ಉಳಿದಿವೆ ಎಂಬ ಒಂದು ಲೆಕ್ಕವನ್ನು ಇಲಾಖೆ ತೆಗೆಯಲಿ, ಕುರಿಗಾರರ ಕುದುರೆಗಳೂ ಆ ಲೆಕ್ಕದಲ್ಲಿ ಸೇರಲಿ. ಬೆದೆ, ಗಬ್ಬ, ಈದ ದಿನ, ಲಸಿಕೆ, ಲಾಳದ ವಿವರಗಳನ್ನು ಬರೆದಿಟ್ಟ ನನ್ನ ಲಾಯದ ಪುಸ್ತಕವನ್ನು ಅದಕ್ಕಾಗಿ ಒದಗಿಸಲು ಸಿದ್ಧನಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಕುದುರೆ ಸಾಕಣೆಗಾರ
ಧಾರವಾಡ ತಾಲ್ಲೂಕು